ಹುರುಳಿ ಹಾಸಿದ ರಸ್ತೆಯಲ್ಲಿ ಎದೆಚೀಲ

ನಂಜನಗೂಡಿನಿಂದ ನರಸೀಪುರದ ಕಡೆಗೆ ಸೈಕಲ್ಲಿನಲ್ಲಿ ಹೊರಟವನು ಹೆಮ್ಮರಗಾಲದ ಬಳಿ ಬಿದ್ದೆ. ಬಸ್ಸು ಲಾರಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂದು ರಸ್ತೆಯ ಮೇಲೆ ಹುರುಳಿ ಹಾಸಿದ್ದರು. ಅದರ ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತಿದ್ದದ್ದು ನನಗೆ ಕಾಣಲಿಲ್ಲ. ಬಗ್ಗಿ ನೋಡಿದರೆ ಎದೆಗೆ ಕಟ್ಟಿದ ಚೀಲವೇ ಕಾಣುತ್ತದೆ. ಬಿದ್ದ ಮೇಲೆ ಚೀಲದ ಪಟ್ಟಿ ಹ್ಯಾಂಡಲ್ಲಿಗೆ ಸಿಕ್ಕಿಕೊಂಡು ಏಳಲಾಗಲಿಲ್ಲ. ಬಿಚ್ಚುವ ಬಕಲ್ ಇರುವುದು ಬೆನ್ನ ಹಿಂದೆ. ಇದನ್ನು ಹೊಲಿದವನು ಒಮ್ಮೆಯೂ ಸೈಕಲ್ಲಿನಿಂದ ಬಿದ್ದಿರಲಾರ.

ಹುರುಳಿ ತಿರುವಿ ಹಾಕುತ್ತಿದ್ದ ಹೆಂಗಸೊಬ್ಬರು ಕುಡುಗೋಲು ಹಿಡಿದು ಬಂದರು.

“ಕೂಸ್ ಕಟ್ಕೊಂಡಂಗೆ ಇದ್ಯಾಕ್ ಸಾ ಮುಂದ್ಕೆ? ಬೆನ್ನಿಲ್ವಾ ನಿಮ್ಗೆ?”

“ಬೆನ್ನು ನೋವಮ್ಮ.”

“ಕುಯ್ತೀನಿ, ಅಳ್ಳಾಡ್ಬೇಡಿ.”

“ಬೇಡಮ್ಮ, ಹೊಸ ಚೀಲ. ಬಕಲ್ ಹುಡುಕಿ.”

“ಬಸ್ ಬತ್ತಾ ಅದೆ ಸಾ.”

ತಿರುವಿನಲ್ಲಿ ಹಾರನ್ ಕೇಳಿಸಿತು. ನಾನು ಇನ್ನೂ ಬಕಲ್ ಎಲ್ಲಿದೆಯೆಂದು ವಿವರಿಸುತ್ತಿದ್ದೆ. ಅವರು ಪಟ್ಟಿ ಕುಯ್ದು, ನನ್ನನ್ನೂ ಸೈಕಲ್ಲನ್ನೂ ರಸ್ತೆಯಂಚಿಗೆ ಎಳೆದರು. ಬಸ್ಸು ನಮ್ಮನ್ನು ಕಂಡು ನಿಂತಿತು.

“ಯಾಕಪ್ಪ ನಿಂತ್ಕೊಂಡೆ? ಮೇಲೇ ಓಗು,” ಎಂದು ಅವರು ಡ್ರೈವರನಿಗೆ ಕೈ ಬೀಸಿದರು.

ಬಸ್ಸು ನಿಧಾನವಾಗಿ ಹೊರಟಿತು. ನಾನು ಬಿದ್ದಿದ್ದ ಜಾಗದಲ್ಲಿ ಹುರುಳಿಕಾಯಿಗಳು ಚಟಚಟನೆ ಒಡೆದವು.