ದೊಡ್ಡವ್ವನ ಹುಳ

ನಿನ್ನೆ ಅಣ್ಣಿಗೇರಿ ಬಸ್ ನಿಲ್ದಾಣದಲ್ಲಿ ಫಿನಾಯಿಲ್ ಸುರಿದು ನೆಲ ತೊಳೆಯುತ್ತಿದ್ದರು. ಆ ವಾಸನೆ ಬೇರೆಯವರಿಗೆ ಆಸ್ಪತ್ರೆಯನ್ನು ನೆನಪಿಸುತ್ತದಂತೆ. ನನಗೆ ನೆನಪಾಗುವುದು ನಮ್ಮ ಬಾಜೂ ಮನೆಯ ದೊಡ್ಡವ್ವ. ರಕ್ತಸಂಬಂಧವೇನಲ್ಲ, ಓಣಿಗೆಲ್ಲ ಆಕೆ ದೊಡ್ಡವ್ವ. ನನ್ನ ತಲೆ ಕೆಡಿಸುವುದರಲ್ಲಿ ಮಾತ್ರ ಸ್ವಂತದವರಿಗಿಂತ ಒಂದು ಕೈ ಮೇಲಿದ್ದಳು.

ನಮ್ಮ ಹಿತ್ತಲಿಗೂ ಆಕೆಯ ಹಿತ್ತಲಿಗೂ ನಡುವೆ ಮೊಳಕಾಲೆತ್ತರದ ಗೋಡೆ. ಅದಕ್ಕೆ ಒರಗಿಸಿ ಆಕೆ ವರ್ಷದ ಉರುವಲಿಗೆಂದು ಹತ್ತಿಕಟ್ಟಿಗೆ ಒಟ್ಟಿರುತ್ತಿದ್ದಳು. ಕಟ್ಟಿಗೆಯೊಳಗೆ ಇಲಿ, ಇಲಿಯ ಹಿಂದೆ ಹಾವು. ಎರೆಮಣ್ಣು ಬಿರುಕು ಬಿಡುವ ಬೇಸಿಗೆಯಲ್ಲಂತೂ... ನಮ್ಮ ಮಗಳು ಆಗಿನ್ನೂ ಅಂಗನವಾಡಿಗೆ ಹೋಗುತ್ತಿದ್ದಳು, ಮನೆಗೆ ಬಂದರೆ ಆ ಗೋಡೆಯ ಬುಡದಲ್ಲೇ ಅವಳ ಆಟ. ನನ್ನ ಜೀವ ಕೈಯಲ್ಲಿ.

"ದೊಡ್ಡವ್ವಾ, ಆ ಕಟಿಗಿ ತಗಸ್ರಿ. ಹಾವು ಸೇರ್ಕೋತಾವು" ಎಂದರೆ ಮೊದಲು ಆ ಶಬ್ದಕ್ಕೇ ತಕರಾರು.

"ಹೆಸರು ತಗೀಬ್ಯಾಡೋ ತಮ್ಮಾ. ಕರದ್ರ ಬರ್ತೈತಿ. ಹುಳಾ ಅನ್ನು."

ಹುಳ ಎಂದ ಮಾತ್ರಕ್ಕೆ ಅದರ ಹಲ್ಲು ಉದುರುತ್ತದೆಯೇ? ನಾನು ಹುಲ್ಲು ಕಿತ್ತೆ, ಬಿಲ ಮುಚ್ಚಿದೆ, ಬೆಳ್ಳುಳ್ಳಿ ಜಜ್ಜಿ ಹಾಕಿದೆ, ಗೋಡೆಯುದ್ದಕ್ಕೂ ಫಿನಾಯಿಲ್ ಸುರಿದೆ. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಈ ವಾಸನಿಗೆ ಹುಳಾ ಅಲ್ಲ, ಬೀಗರೂ ಬರೂದಿಲ್ಲ" ಎಂದಳು. ಕಟ್ಟಿಗೆಯ ಒಂದು ಕಡ್ಡಿಯೂ ಅಲುಗಲಿಲ್ಲ. ಮಗ ಗ್ಯಾಸ್ ತಂದುಕೊಟ್ಟಿದ್ದರೂ ಆಕೆಗೆ ರೊಟ್ಟಿ ಒಲೆಯ ಮೇಲೇ ಆಗಬೇಕು. ನಾನು ಹೆಚ್ಚು ಕೂಗಾಡಿದರೆ, ಪಂಚಮಿಗೆ ಒಂದು ಡಬ್ಬಿ ಉಂಡಿ ಹೆಚ್ಚು ಕಳಿಸಿ ಬಾಯಿ ಮುಚ್ಚಿಸುತ್ತಿದ್ದಳು.

ಒಂದು ದಿನ... ಮಳೆ ಬಿದ್ದು ಬಿಸಿಲು ಬಂದಿತ್ತು. ನಾನು ಹಿತ್ತಲ ಬಾಗಿಲಲ್ಲಿ ಕುಳಿತು ಗಡ್ಡ ಮಾಡಿಕೊಳ್ಳುತ್ತಿದ್ದೆ. ಗೋಡೆಯಾಚೆಯಿಂದ ದೊಡ್ಡವ್ವನ ದನಿ ಕೇಳಿತು. "ಏ ಕೂಸ, ಅಲ್ಲೇ ನಿಂದ್ರು. ಹುಳಾ ಐತಿ."

ನನ್ನ ಮಗಳಿಗೆ ಹುಳ ಎಂದರೆ ಬೆಂಕಿಪೊಟ್ಟಣದಲ್ಲಿ ಹಿಡಿದಿಡುವಂಥದ್ದು. ಹಿಂದಿನ ದಿನವಷ್ಟೇ ಮಖಮಲಿನಂಥ ಕೆಂಪು ಹುಳಗಳನ್ನು ಹಿಡಿದಿದ್ದಳು. "ಎಲ್ಲೈತಿ ಆಯಿ? ನನಗ ಬೇಕು" ಎನ್ನುತ್ತ ಗೋಡೆಯ ಕಡೆಗೇ ಓಡಿದಳು. ದೊಡ್ಡವ್ವ "ಹುಳಾ, ಹುಳಾ" ಎಂದು ಕೂಗಿದಷ್ಟೂ ಅವಳ ಓಟ ಜೋರಾಯಿತು.

ಆಗ ದೊಡ್ಡವ್ವ ಇಡೀ ಓಣಿಗೆ ಕೇಳುವಂತೆ ಒದರಿದಳು. "ಹಾವು ಬೇ, ಹಾವು. ಹಾವು."

ಮಗಳು ಗಕ್ಕನೆ ನಿಂತಳು. ನಾನು ಓಡಿಹೋಗಿ ಎತ್ತಿಕೊಂಡಾಗ ಅದು ಗೋಡೆಯ ಬುಡದಲ್ಲಿ ಹೆಡೆ ಎತ್ತಿತ್ತು. ಸ್ವಲ್ಪ ಹೊತ್ತು ನೋಡಿ, ಗೋಡೆ ಹತ್ತಿ ಕಟ್ಟಿಗೆಯೊಳಗೆ ಸೇರಿಕೊಂಡಿತು. ಆಚೆ ದೊಡ್ಡವ್ವ, ಹೆಸರೆತ್ತಿದ ಬಾಯಿ ತೊಳೆದುಕೊಳ್ಳುವವಳಂತೆ, ಚರಿಗೆಯ ನೀರು ಮುಕ್ಕಳಿಸಿ ಮುಕ್ಕಳಿಸಿ ಉಗುಳುತ್ತಿದ್ದಳು.

ಮರುದಿನ ಗೋಡೆಯ ಬಳಿ ಕಟ್ಟಿಗೆ ಇರಲಿಲ್ಲ. ಅಂತೂ ಬುದ್ಧಿ ಬಂತು ಎಂದುಕೊಂಡು ಇಣುಕಿದರೆ, ಅಷ್ಟನ್ನೂ ಹೊತ್ತು ತನ್ನ ಅಡುಗೆಮನೆಯ ಹೊರಗೋಡೆಗೆ ಒಟ್ಟಿದ್ದಳು. ಆಕೆ ಮಲಗುತ್ತಿದ್ದುದೂ ಆ ಅಡುಗೆಮನೆಯಲ್ಲೇ, ಆ ಗೋಡೆಗೇ ತಲೆ ಮಾಡಿ. ನನಗೆ ಪಿತ್ತ ನೆತ್ತಿಗೇರಿತು. ಊರಾಚೆ ಒಯ್ದು ಹಾಕುವುದು ಬಿಟ್ಟು ಇದೇನ್ರಿ ಎಂದು ಕೂಗಾಡಿದೆ.

"ಹೆಸರು ಹಿಡದು ಕರದಾಕಿ ನಾನು. ಬಂದ್ರ ನನ್ನ ಕಡೀನ ಬರಲಿ" ಎಂದಳು, ಜೋಳ ಹಸನು ಮಾಡುತ್ತ. ನನ್ನ ಮುಖವನ್ನೂ ನೋಡಲಿಲ್ಲ. ಇಂಥವರ ಜೊತೆ ಏನು ವಾದ ಮಾಡುವುದು?

ಕಟ್ಟಿಗೆ ಕೊನೆಯವರೆಗೂ ಅಲ್ಲೇ ಇತ್ತು. ಆಕೆ ತೀರಿಕೊಂಡ ಮೇಲೆ ಮಗ ಅದನ್ನು ತೆಗೆಸಿ ಹಿತ್ತಲಿಗೆಲ್ಲ ಕಾಂಕ್ರೀಟ್ ಹಾಕಿಸಿದ. ನಾನು ವರ್ಷಗಟ್ಟಲೆ ಗಂಟಲು ಹರಿದುಕೊಂಡು ಕೇಳಿದ ಕೆಲಸ ಒಂದೇ ವಾರದಲ್ಲಿ ಮುಗಿಯಿತು. ಈಗ ಅಲ್ಲಿ ಇಲಿಯೂ ಸುಳಿಯುವುದಿಲ್ಲ. ಮಗಳು ಕಾಲೇಜಿಗೆ ಹೋಗುತ್ತಾಳೆ. ಆಕೆ ಇಲ್ಲವೆಂದು ನನಗೆ ಸಂಕಟವಾಗುತ್ತದೆ, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತದೆ. ನನ್ನ ಮಗಳಿಗೆ ಬಂದ ಹಾವನ್ನು ಅಷ್ಟು ವರ್ಷ ತನ್ನ ತಲೆದೆಸೆಯಲ್ಲಿ ಇಟ್ಟುಕೊಂಡು ನಿದ್ದೆ ಮಾಡಿದವಳು, ಜುಜುಬಿ ಒಂದು ಜ್ವರಕ್ಕೆ ಹೋಗಿಬಿಟ್ಟಳು.