ಇಳಿದ ಹೊಟ್ಟೆ, ಉಳಿದ ಕಣ್ಣು

೧೯೮೬ರಲ್ಲಿ ತರೀಕೆರೆಯ ಕಣ್ಣಿನ ಶಿಬಿರದಲ್ಲಿ, ಡಾಕ್ಟರು ಕರೆದರೆಂದು ಎದ್ದು ನಿಂತ ಕಡೂರಿನ ದರ್ಜಿ ಬುಡೇನ್ ಸಾಬರ ಪೈಜಾಮ ಮೊಣಕಾಲಿಗೆ ಇಳಿಯಿತು. ಹುಣ್ಣಿಗೆಂದು ಹೊಟ್ಟೆಯ ಅರ್ಧ ಭಾಗ ಕತ್ತರಿಸಿ ತೆಗೆದ ಮೇಲೆ ಅವರ ಊಟ ಇಳಿದು, ಎಂಟು ತಿಂಗಳಲ್ಲಿ ಮೈಯೂ ಇಳಿದು, ಹಳೆಯ ಸಕ್ಕರೆ ಕಾಯಿಲೆಯೂ ತಗ್ಗಿತ್ತು. ಊರಿನವರ ಅಳತೆಯನ್ನೆಲ್ಲ ತಿದ್ದುವ ಮನುಷ್ಯ, ತೂಕ ಮರಳಿ ಬಂದೀತೆಂದು ತಮ್ಮದನ್ನು ಮಾತ್ರ ಹಾಗೇ ಬಿಟ್ಟಿದ್ದರು.

“ಲಾಡಿ ಹಿಡ್ಕೊಳ್ರೀ, ಇಲ್ಲಿ ತೋರಿಸ್ಬೇಕಾದ್ದು ಕಣ್ಣು,” ಎಂದು ಹೆಂಡತಿ ಸರ್ವರ್ ಬೇಗಂ ಗದರಿದರು.

ಸಾಬರಿಗೆ ನಗು ಬರಲಿಲ್ಲ. ಸಕ್ಕರೆ ಇಷ್ಟು ಬೇಗ ಇಳಿದರೆ ಕೆಲವರ ಕಣ್ಣು ಮೊದಲಿಗಿಂತ ಕೆಡುತ್ತದೆಂದು ಆಪರೇಷನ್ ಮಾಡಿದವರೇ ಎಚ್ಚರಿಸಿದ್ದರು. ಕಣ್ಣಿನೊಳಗೆ ಆಗಲೇ ರಕ್ತದ ಚುಕ್ಕೆಗಳಿದ್ದವು. ಅವು ಹರಡಿದ್ದರೆ ಸೂಜಿ ಕೆಳಗಿಡಬೇಕಿತ್ತು.

ಡಾಕ್ಟರು ಕಣ್ಣಿಗೆ ಔಷಧಿ ಬಿಟ್ಟು, ಲೈಟು ಹಿಡಿದು ಬಹಳ ಹೊತ್ತು ನೋಡಿದರು. “ಚುಕ್ಕೆ ಕಮ್ಮಿ ಆಗಿವೆ. ಕಣ್ಣು ಉಳೀತು ಸಾಬ್ರೆ. ಆರು ತಿಂಗಳಿಗೊಮ್ಮೆ ತೋರಿಸ್ತಿರಿ.”

ಬೇಗಂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸಾಬರು ಮುಖ ಸಪ್ಪಗೆ ಮಾಡಿಕೊಂಡು ಲಾಡಿ ಬಿಗಿದರು.

“ಯಾಕ್ರೀ, ಖುಷಿ ಆಗ್ಲಿಲ್ವಾ?” ಎಂದರು ಡಾಕ್ಟರು.

“ಆಯ್ತು ಸ್ವಾಮಿ. ಕಣ್ಣು ಮಂಜು ಅಂತ ಇಷ್ಟು ದಿನ ಗುಂಡಿ, ಕಾಜಾ ಎಲ್ಲಾ ಇವ್ಳ ಕೈಲೇ ಹಾಕಿಸ್ತಿದ್ದೆ. ಇನ್ಮೇಲೆ ನಾನೇ ಹಾಕ್ಬೇಕಲ್ಲ.”