ಸರ್ವೀಸ್ ರಸ್ತೆಯ ಮೆಕ್ಕೆಜೋಳ

ಮೂರು ವರ್ಷದ ಹಿಂದೆ ದಾವಣಗೆರೆ–ಹರಿಹರ ಪ್ರಾದೇಶಿಕ ಸಾರಿಗೆ ಯೋಜನೆಯ ಕರಡು ತಯಾರಿಸುವ ತಂಡದಲ್ಲಿ ನಾನು ಸಹಾಯಕ ಯೋಜಕಿಯಾಗಿದ್ದೆ, ಅದೂ ಗುತ್ತಿಗೆ ಮೇಲೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಅವ್ವ ಮೆಕ್ಕೆಜೋಳದ ಹೊಲಗಳಲ್ಲಿ ಕೂಲಿ ಮಾಡಿ ಓದಿಸಿದ್ದಳು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ನನ್ನ ಪಾಲಿಗೆ ಬಂದದ್ದು ‘ಟ್ರಾಫಿಕ್ ಇನ್ಸಿಡೆಂಟ್ ಮ್ಯಾನೇಜ್‌ಮೆಂಟ್’ ಅಧ್ಯಾಯ. ಅಂದರೆ ರಸ್ತೆಯಲ್ಲಿ ಅವಘಡವಾದಾಗ ಗಾಯಾಳುವನ್ನು ಬೇಗ ಸಾಗಿಸುವುದು, ಬಿದ್ದ ವಾಹನ ಎತ್ತಿಸುವುದು, ಉಳಿದವರಿಗೆ ಬೇರೆ ದಾರಿ ತೋರಿಸುವುದು. ಇದಕ್ಕೆಲ್ಲ ಮೊದಲೇ ಜಾಗ ಗುರುತಿಸಿಡಬೇಕು.

ಆ ಸುಗ್ಗಿಯಲ್ಲಿ ಆನಗೋಡಿನ ಬಳಿ ಹೆದ್ದಾರಿಯಲ್ಲಿ ಲಾರಿ ಮಗುಚಿ ದಾವಣಗೆರೆ ಕಡೆಯ ದಾರಿ ಬಂದ್ ಆಯಿತು. ಗಾಯಗೊಂಡ ಲಾರಿ ಕ್ಲೀನರ್‌ನನ್ನು ಹೊತ್ತ ಆಂಬುಲೆನ್ಸ್ ಸರ್ವೀಸ್ ರಸ್ತೆಗೆ ಇಳಿದರೆ ಅಲ್ಲಿ ಉದ್ದಕ್ಕೂ ಮೆಕ್ಕೆಜೋಳ ಒಣಹಾಕಿದ್ದರು, ಅಂಚಿಗೆ ಕಲ್ಲುಗಳ ಸಾಲು. ಕಾಳು ಹರವಿದ್ದ ಹೆಂಗಸರೇ ಕಲ್ಲು ಎತ್ತಿ, ಕಾಳು ಎಳೆದು ದಾರಿ ಮಾಡಿಕೊಟ್ಟರು. ಆದರೂ ತಡವಾಯಿತು. ಅವನ ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ಸರ್ವೀಸ್ ರಸ್ತೆಯ ಪಕ್ಕದ ಸರ್ಕಾರಿ ಜಾಗದಲ್ಲಿ ಕಾಳು ಒಣಗಿಸಲು ಕಾಂಕ್ರೀಟ್ ಕಣ ಆಗಬೇಕೆಂದು ನನ್ನ ಅಧ್ಯಾಯದಲ್ಲಿ ಬರೆದೆ. ನಮ್ಮ ಮುಖ್ಯಸ್ಥರು ನಕ್ಕರು.

“ಸಾರಿಗೆ ಯೋಜನೇಲಿ ಕಣ ಯಾಕಮ್ಮ? ಕೇಸ್ ಹಾಕಿಸೋಣ. ದಂಡ ಬಿದ್ರೆ ತಾವೇ ಎತ್ಕೊಂಡು ಹೋಗ್ತಾರೆ.”

“ಜೋಳಕ್ಕೆ ಜಾಗ ಕೊಡದಿದ್ರೆ ಆಂಬುಲೆನ್ಸಿಗೂ ಜಾಗ ಸಿಗಲ್ಲ ಸರ್,” ಎಂದೆ.

ಆ ಭಾಗ ಹೊಡೆದುಹಾಕಿಯೇ ಕರಡು ಪ್ರಕಟವಾಯಿತು. ಆದರೆ ಅದು ಅಂತಿಮವಾಗುವ ಮೊದಲು ಅಹವಾಲು ಸಭೆ ನಡೆಯಬೇಕು. ಅಲ್ಲಿ ಸಾರ್ವಜನಿಕರು ಆಡಿದ ಪ್ರತಿ ಮಾತಿಗೂ ಲಿಖಿತ ಉತ್ತರ ಕೊಡಲೇಬೇಕು. ಯೋಜನೆಯ ನೌಕರಿಯಲ್ಲಿದ್ದ ನಾನು ಅಲ್ಲಿ ಆಕ್ಷೇಪಣೆ ಎತ್ತುವಂತಿರಲಿಲ್ಲ. ಆನಗೋಡಿಗೆ ಹೋಗಿ, ಅವತ್ತು ಕಲ್ಲು ಎತ್ತಿದವರಲ್ಲಿ ಮುಂದಿದ್ದ ಹಾಲಮ್ಮನಿಗೆ ತಾರೀಕು ಹೇಳಿ ಬಂದೆ. ಹರಿಹರದ ಸಭೆಗೆ ಆಕೆ ನೆರೆಹೊರೆಯವರನ್ನೂ ಬಸ್ಸು ಹತ್ತಿಸಿಕೊಂಡು ಬಂದಳು. ರಸ್ತೆ ಪಕ್ಕ ಕಾಳು ಒಣಗಿಸಲು ಕಣ ಬೇಕೆಂದು ಕೇಳಿದಳು.

“ರಸ್ತೆ ಇರೋದು ಗಾಡಿಗಳಿಗಮ್ಮ,” ಎಂದರು ಮುಖ್ಯಸ್ಥರು.

“ರೋಡಿಗೆ ಹಾಕೋದು ನಮಗೇನ್ ಶೋಕಿ ಏನ್ರಿ? ಹಸಿ ಐತೆ ಅಂತ ಮಂಡಿಯಾಗ ವಾಪಸ್ ಕಳಿಸ್ತಾರ. ಮಣ್ಣಾಗ ಹಾಕಿದ್ರ ಕಲ್ಲು ಐತೆ ಅಂತಾರ. ಎಲ್ಲಿ ಹಾಕ್ಲಿ, ನಿಮ್ ಈ ಮೀಟಿಂಗ್ ಹಾಲಿನಾಗ ಹಾಕ್ಲಾ? ಫ್ಯಾನೂ ಅದಾವು.”

ಸಭೆ ಗೊಳ್ಳೆಂದಿತು. ಮುಖ್ಯಸ್ಥರು ನಗಲಿಲ್ಲ. “ಇವರಿಗೆ ಹೇಳಿಕೊಟ್ಟು ಕರೆಸಿದ್ದು ಯಾರು?”

“ಹೇಳಿಕೊಡಾಕ ಯಾರ್ ಬೇಕ್ರಿ, ನಮಗೇನ್ ಬಾಯಿ ಇಲ್ಲೇನ್ರಿ, ಸಾಹೇಬ್ರೆ?” ಎಂದಳು ಹಾಲಮ್ಮ.

ನಾನು ಎದ್ದು ನಿಂತೆ. “ಕರೆದದ್ದು ನಾನು ಸರ್. ಮಾತು ಅವರದ್ದೇ.”

ಹಾಲಮ್ಮನ ಮಾತು ದಾಖಲಾಯಿತು. ಅದನ್ನು ತಿರಸ್ಕರಿಸಲು ಅವರಿಗೆ ಬರೆಯುವಂಥ ಕಾರಣವೇ ಸಿಗಲಿಲ್ಲ. ಕಣ ಯೋಜನೆಗೆ ಸೇರಿತು. ಆನಗೋಡಿನ ಬಳಿ ಕಟ್ಟಿಯೂ ಆಯಿತು. ನನ್ನ ಗುತ್ತಿಗೆ ಮಾತ್ರ ಮುಂದುವರಿಯಲಿಲ್ಲ.

ರಸ್ತೆಯನ್ನು ಯಾರು, ಯಾಕೆ ಬಳಸುತ್ತಾರೆಂದು ಕೇಳದೆ ಹಾಕಿದ ಯೋಜನೆ ಅವಘಡದ ದಿನ ಕೈಕೊಡುತ್ತದೆ. ಆ ಕೆಲಸ ನನಗೆ ಕಲಿಸಿದ್ದು ಇದನ್ನೇ. ಈಗಲೂ ಎಲ್ಲೇ ಅಹವಾಲು ಸಭೆ ನಿಗದಿಯಾದರೂ ಆ ಊರಿನವರಿಗೆ ಫೋನ್ ಮಾಡಿ ಹೇಳುತ್ತೇನೆ. ಕರೆದವರು ಯಾರೆಂದು ಕೇಳಿದರೆ ಎದ್ದು ನಿಲ್ಲುವುದಕ್ಕೆ ಈಗ ನನಗೆ ಗುತ್ತಿಗೆಯ ಭಯವೂ ಇಲ್ಲ.